ಲೆಕ್ಕಕ್ಕುಂಟು

ಟೌನ್ಸ್‌ವಿಲ್‌ನಲ್ಲಿ ಫೆಬ್ರವರಿ. ಕಿಟಕಿಯ ಜಾಲರಿಗೆ
ಒಂದು ಸೊಳ್ಳೆ ಮೂತಿ ತೂರಿಸಿ ಕೂತಿದೆ.
ಒಳಗೆ, ಪರದೆಯ ಮೇಲೆ, ನನ್ನ ಸೊಳ್ಳೆಗಳು:
ಮೂವತ್ತು ಸಾವಿರ. ಒಂದಕ್ಕೂ ರೆಕ್ಕೆಯಿಲ್ಲ, ಗುಂಯ್ ಎನ್ನುವುದಿಲ್ಲ,
ಹಸಿವೊಂದನ್ನು ಬಿಟ್ಟು ಬೇರೇನೂ ಕೊಟ್ಟಿಲ್ಲ ನಾನು.

ಅವಕ್ಕೊಂದು ದ್ವೀಪ ಕಟ್ಟಿದ್ದೇನೆ.
ಒಂಬೈನೂರ ಹನ್ನೆರಡು ಮಂದಿ.
ತಲೆಗೊಂದು ಅಂಕಿ, ಒಂದು ವಯಸ್ಸು, ಮಲಗಲೊಂದು ಮನೆ,
ಮತ್ತೆ ಮೈಯೊಳಗಿನ ಹುಳುಗಳ ಎಣಿಕೆ:
ಗಂಡೆಷ್ಟು, ಹೆಣ್ಣೆಷ್ಟು, ಜೋಡಿಯಾದದ್ದೆಷ್ಟು.
ಒಂಟಿ ಹುಳುವಿಗೆ ಸಂತಾನವಿಲ್ಲ.
ರೋಗಕ್ಕೂ ಒಂದು ಮದುವೆಯಾಗಬೇಕು.

ಆನೆಯನ್ನೇ ಕಾಣದ ಆ ದ್ವೀಪದ ಕಾಯಿಲೆಗೆ
ನನ್ನ ಭಾಷೆಯಲ್ಲಿ ಆನೆಕಾಲು ಎಂದು ಹೆಸರು.
ಹೇಳಿದಾಗ ಫೆಟುವಾವೊ ನಕ್ಕಳು.
ಅವಳ ಹೆಸರಿಗೆ ಅವಳ ಭಾಷೆಯಲ್ಲಿ ಬೆಳ್ಳಿಚುಕ್ಕಿ ಎಂದರ್ಥ;
ಹತ್ತಕ್ಕೆ ಮುಂಚೆ ಆಫೀಸಿಗೆ ಬಂದವಳಲ್ಲ.
ಅಜ್ಜನ ಕಾಲು ನೋಡಿದ್ದಾಳೆ.
"ಇಗರ್ಜಿಯಲ್ಲಿ ಅವನಿಗೆ ಬೇರೆ ಬೆಂಚು" ಎಂದವಳು
ಆಮೇಲೆ ನಗಲಿಲ್ಲ.

ಪ್ರತಿ ರಾತ್ರಿ ದ್ವೀಪವನ್ನು ಓಡಲು ಬಿಟ್ಟು ಮನೆಗೆ ಹೋಗುವೆ.
ಬೆಳಗಾಗುವುದರಲ್ಲಿ ನೂರು ವರ್ಷ.
ಮಾತ್ರೆ ಹಂಚಿದ ವರ್ಷಗಳಲ್ಲಿ ಗೆರೆ ಇಳಿಯುತ್ತದೆ,
ಸೊನ್ನೆಯ ಹೊಸ್ತಿಲ ತನಕ ಹೋಗಿ
ಏನೋ ಮರೆತವಳಂತೆ ಹಿಂದಿರುಗುತ್ತದೆ.
ನಿಜದ ದ್ವೀಪದಲ್ಲೂ ಹಾಗೇ ಆಗಿತ್ತು.
ಅಲ್ಲಿನ ರಕ್ತದ ಹನಿಗಳ ಮೇಲೆ ನನ್ನ ಗೆರೆ ಕೂತಿತು,
ಅಳತೆ ಕೊಟ್ಟು ಹೊಲಿಸಿದ ರವಿಕೆಯಂತೆ.
ಬಾಸ್ ಕಾಫಿ ಕೊಡಿಸಿದರು.

ಅದೇ ವಾರ ಕಣ್ಣಿಗೆ ಬಿದ್ದದ್ದು ನಾನೂರ ಹದಿನೇಳು.
ವಯಸ್ಸು ನೂರ ಮೂವತ್ತೊಂದು.

ಎಪ್ಪತ್ತೆರಡಕ್ಕೇ ಸತ್ತಿದ್ದ ಅವನು.
ಸತ್ತದ್ದನ್ನು ಕೋಡ್ ಬರೆದುಕೊಂಡಿತ್ತು,
ಹೊರಗೆ ಸಾಗಿಸಲು ಮರೆತಿತ್ತು. ಮರೆತದ್ದು ನಾನು.
ಆ ಸಾಲು ಇರಬೇಕಾದಲ್ಲಿ ನನ್ನದೇ ಟಿಪ್ಪಣಿ: ನಾಳೆ ಮಾಡು.
ಹುಡುಕಿದರೆ ಅಂಥವರು ನೂರ ಆರು ಜನ,
ತಂತಮ್ಮ ಮನೆಯಲ್ಲಿ, ತಂತಮ್ಮ ಚಾಪೆಯಲ್ಲಿ,
ಸೊಳ್ಳೆಗೆ ತೋಳು ಕೊಟ್ಟು ಮಲಗಿದ್ದರು.
ಸತ್ತವರಿಗೆ ಮಾತ್ರೆ ಕೊಡಬಾರದೆಂಬ ಸಾಲನ್ನು ಮಾತ್ರ
ಎಂಥ ಶಿಸ್ತಿನಿಂದ ಬರೆದಿದ್ದೆ!
ಆಟಕ್ಕಿಲ್ಲದವರು. ಲೆಕ್ಕಕ್ಕುಂಟು.

ತೆಗೆದೆ.
ಆ ರಾತ್ರಿಯೆಲ್ಲ ಕರ್ಲ್ಯೂ ಹಕ್ಕಿ ಕೂಗಿತು.
ಈ ಊರಲ್ಲಿ ಅದು ಕೂಗುವುದು ಹೆಂಗಸೊಬ್ಬಳು
ಎದೆ ಬಡಿದುಕೊಂಡು ಅತ್ತ ಹಾಗೆ;
ಹೊಸಬರು ಎದ್ದು ಪೊಲೀಸರಿಗೆ ಫೋನು ಮಾಡುತ್ತಾರೆ.
ಬೆಳಿಗ್ಗೆ ನೋಡಿದರೆ ಗೆರೆ ಸೊನ್ನೆಗಿಳಿದು ಅಲ್ಲೇ ಮಲಗಿತ್ತು.
ನನ್ನ ದ್ವೀಪ ಗುಣವಾಗಿತ್ತು.
ನಿಜದ್ದು ಆಗಿರಲಿಲ್ಲ.

ಫೆಟುವಾವೊ ಬಯ್ಯಲಿಲ್ಲ. ಬಹಳ ಹೊತ್ತು ನೋಡಿ,
"ಹಾಗಾದರೆ ನಿನ್ನ ಹೆಣಗಳ ಜಾಗದಲ್ಲಿ
ಅಲ್ಲಿ ನೂರು ಜನ ಬದುಕಿದ್ದಾರೆ" ಎಂದಳು.
ಹಳೆಯ ಪಟ್ಟಿಗಳನ್ನು ಹರಡಿದಳು.
ಮಾತ್ರೆಯ ತಂಡ ಹಳ್ಳಿಗೆ ಹೋಗುತ್ತಿದ್ದದ್ದು ಬೆಳಿಗ್ಗೆ ಒಂಬತ್ತಕ್ಕೆ.
ಒಂಬತ್ತಕ್ಕೆ ಗಂಡುಹುಡುಗರು ಮನೆಯಲ್ಲೆಲ್ಲಿ?
ಗುಡ್ಡದಾಚೆ ಕೆಸುವಿನ ತೋಟದಲ್ಲಿ
ಅಂಗಿ ಬಿಚ್ಚಿ, ಬಗ್ಗಿ, ಗಡ್ಡೆ ಕೀಳುತ್ತಿರುತ್ತಾರೆ.
ಅಲ್ಲಿಯ ಸೊಳ್ಳೆಯೂ ಹಗಲುಗಳ್ಳಿ:
ಒಡೆದ ತೆಂಗಿನ ಚಿಪ್ಪಿನ ನೀರಲ್ಲಿ ಹುಟ್ಟಿ
ಬೆವೆತ ಬೆನ್ನಿನ ಮೇಲೆ ಊಟಕ್ಕೆ ಕೂರುತ್ತದೆ.
ಐದು ವರ್ಷ, ಐದು ಸಲ, ತಂಡ ಬಂದು
'ಮನೆಯಲ್ಲಿಲ್ಲ' ಎಂದು ಬರೆದು
ಪಕ್ಕದ ಮನೆಯ ಬಾಗಿಲು ತಟ್ಟಿತ್ತು.
ಆಟಕ್ಕುಂಟು. ಲೆಕ್ಕಕ್ಕಿಲ್ಲ.

ಅವಳೀಗ ಅಲ್ಲಿಯ ಆಸ್ಪತ್ರೆಗೆ ಕಾಗದ ಬರೆಯುತ್ತಿದ್ದಾಳೆ:
ಬೆಳ್ಳಿಚುಕ್ಕಿ ಇರುವಾಗಲೇ ಹೋಗಿ.
ಹೆಸರಿನ ತಮಾಷೆ ನಾಲಿಗೆಯ ತುದಿಗೆ ಬಂತು, ನುಂಗಿಕೊಂಡೆ.

ನಾನೂರ ಹದಿನೇಳನ್ನು ಅಳಿಸಲು ಮನಸ್ಸಾಗಲಿಲ್ಲ.
ಒಬ್ಬ ಹುಡುಗನಿಗೆ ಕೊಟ್ಟಿದ್ದೇನೆ. ಹತ್ತೊಂಬತ್ತು ವಯಸ್ಸು,
ಐದಕ್ಕೆ ಏಳುತ್ತಾನೆ. ಎಲ್ಲಿಗೆ ಹೋಗುತ್ತಾನೆಂದು
ಈ ಸಲ ಕೇಳಿ ಬರೆದಿದ್ದೇನೆ.

ಮೊಣಕೈ ತುರಿಸುತ್ತಿದೆ. ಜಾಲರಿ ಖಾಲಿ.
ಯಾವಾಗ ಒಳಗೆ ಬಂತೋ,
ನನ್ನನ್ನು ಎಣಿಸಿಕೊಂಡಾಯಿತು ಅದು.